ಕಾರ್ಟೇ ಇಲ್ಲದ ಅಂಗಡಿ: ಹೊಸನಗರದ ಮಿಡಿ ಉಪ್ಪಿನಕಾಯಿ ಆನ್‌ಲೈನ್‌ಗೆ ಹೋದ ಕಥೆ, ಲೆಕ್ಕಾಚಾರ ಸಮೇತ

ನಮ್ಮ ಕಡೆ ಲಾಂಚ್ ಅಂದ್ರೆ ಇವತ್ತಿಗೂ ಸಿಗಂದೂರಿನ ಲಾಂಚೇ, ಅಂದ್ರೆ ಹಿನ್ನೀರು ದಾಟಿಸೋ ಬೋಟು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಯ್ತು, 2.44 ಕಿಲೋಮೀಟರ್ ಉದ್ದ, ಬಸ್ಸು ಕಾರು ಎಲ್ಲ ಈಗ ಶರಾವತಿ ಹಿನ್ನೀರಿನ ಮೇಲೆ ಸೀದಾ ಹೋಗ್ತಾವೆ, ಆದ್ರೂ ಜನರ ಬಾಯಲ್ಲಿ ಆ ಪದ ಹಂಗೇ ಉಳ್ಕೊಂಡಿದೆ. ಹಾಗಾಗಿ ನಾನು ಅತ್ತಿಗೆಗೆ ಫೋನ್ ಮಾಡಿ "ಭೂಮಿ ಹುಣ್ಣಿಮೆ ಆದ ಮೇಲಿನ ಭಾನುವಾರ ಲಾಂಚ್ ಇಟ್ಕೊಳ್ಳಣ ಅತ್ತಿಗೆ" ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ನಿದ್ದು "ಎಂತಕ್ಕೆ ಮಾರಾಯ, ಈಗ ಸೇತುವೆ ಇದ್ಯಲ, ಕಾರಲ್ಲೇ ಹೋಗಿ ಬಂದ್ರಾಯ್ತು" ಅಂದ್ರು. ನಾನು ಹೇಳಿದ್ದು ವೆಬ್‌ಸೈಟ್ ಲಾಂಚು.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಎರಡು ರೂಮಿನ ಆಫೀಸ್ ಇಟ್ಕೊಂಡು ಹೋಂಸ್ಟೇ, ಟ್ಯೂಷನ್ ಕ್ಲಾಸು, ಸಣ್ಣ ಅಂಗಡಿಯವರಿಗೆ ವೆಬ್‌ಸೈಟ್ ಮಾಡ್ಕೊಡ್ತೀನಿ. ಅತ್ತಿಗೆ ಇರೋದು ಹೊಸನಗರ ತಾಲೂಕಲ್ಲಿ, ರಿಪ್ಪನ್‌ಪೇಟೆ ಕಡೆಯ ಹಳ್ಳಿ. ಅವರು ಊರಿನ ಇನ್ನೂ ನಾಲ್ಕು ಮನೆಯವರ ಜೊತೆ ಸೇರ್ಕೊಂಡು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಮುರುಗಲು, ವಾಟೆಪುಡಿ ಹೀಗೆ ಒಟ್ಟು ಹನ್ನೆರಡು ಐಟಂ ಮಾಡ್ತಾರೆ, ಇಷ್ಟು ವರ್ಷ ಎಲ್ಲ ವಾಟ್ಸಾಪಲ್ಲೇ ಮಾರ್ತಿದ್ರು. ಇತ್ತೀಚೆಗೆ ಇಂಥೋರು ತುಂಬಾ ಜನ ಬರ್ತಿದಾರೆ ನನ್ನ ಹತ್ರ, ಸಾಗರದಿಂದ ತೀರ್ಥಹಳ್ಳಿಯಿಂದ, ಎಲ್ಲರದ್ದೂ ಒಂದೇ ಮಾತು, ಅಮೆಜಾನ್ ತರ ಒಂದು ಸೈಟ್ ಬೇಕು, ಆದ್ರೆ ಸಿಂಪಲ್ಲಾಗಿರ್ಲಿ, ಬಜೆಟ್ ಕಡಿಮೆ. ಅಮೆಜಾನ್ ತರ ಅನ್ನೋದೂ ಸಿಂಪಲ್ ಅನ್ನೋದೂ ಒಂದೇ ವಾಕ್ಯದಲ್ಲಿ ಕೂರಲ್ಲ ಅಂತ ಅವ್ರಿಗೆ ಹೇಳಿ ಹೇಳಿ ಸಾಕಾಗಿದೆ. ಸ್ಕ್ರೀನಿಂದ ಒಂದು ಬಟನ್ ತೆಗೆದ್ರೆ ಆ ಬಟನ್ ಮಾಡ್ತಿದ್ದ ಕೆಲಸ ಎಲ್ಲೂ ಹೋಗಲ್ಲ, ಯಾರೋ ಒಬ್ರ ತಲೆ ಮೇಲೆ ಬಂದು ಕೂರುತ್ತೆ, ಆ ತಲೆ ಯಾರದ್ದು ಅಂತ ಮೊದಲೇ ತೀರ್ಮಾನ ಆಗಿರ್ಬೇಕು. ಅತ್ತಿಗೆ ಸೈಟಲ್ಲಿ ನಾವು ಏನೇನು ಬಿಟ್ವಿ, ಬಿಟ್ಟಿದ್ದರ ಭಾರ ಯಾರ ಮೇಲೆ ಬಿತ್ತು ಅನ್ನೋದನ್ನ ಇಟ್ಕೊಂಡು ಇದನ್ನ ಬಿಡಿಸಿ ನೋಡೋಣ.

ಕೋಡ್ ಬರೆಯೋಕೆ ಮುಂಚೆ ಅತ್ತಿಗೆ ಫೋನ್ ಇಸ್ಕೊಂಡು ಎರಡು ದಿನ ಜಗಲಿ ಮೇಲೆ ಕೂತು ಅವರ ವ್ಯಾಪಾರದ ಚಾಟ್ ಅಷ್ಟೂ ಓದಿದೆ. ಅದಕ್ಕಿಂತ ಒಳ್ಳೆ ಸರ್ವೆ ಇನ್ನೊಂದಿಲ್ಲ ಅಂತೀನಿ ನಾನು. ಬೆಂಗಳೂರಿಂದ, ಮೈಸೂರಿಂದ, ಹುಬ್ಬಳ್ಳಿಯಿಂದ ಮೆಸೇಜ್ ಮಾಡಿದ ಎಲ್ಲರೂ ಹೆಚ್ಚುಕಮ್ಮಿ ಅದೇ ನಾಲ್ಕು ಪ್ರಶ್ನೆ ಕೇಳಿದ್ರು: ಮಿಡಿ ಇದ್ಯಾ, ಕೊರಿಯರ್ ಸೇರಿ ಎಷ್ಟಾಗುತ್ತೆ, ನಮ್ಮ ಏರಿಯಾಗೆ ಬರುತ್ತಾ, ಯಾವತ್ತು ಸಿಗುತ್ತೆ. ಒಬ್ರೂ ಆಫರ್ ಕೇಳಿಲ್ಲ, ಅಕೌಂಟ್ ಕೇಳಿಲ್ಲ, ವಿಶ್‌ಲಿಸ್ಟ್ ಕೇಳಿಲ್ಲ. ಈ ನಾಲ್ಕಕ್ಕೆ ಉತ್ತರ ಹೇಳೋಕೆ ಅತ್ತಿಗೆ ಅಡುಗೆ ಮನೆಯಿಂದ ಹತ್ತು ಸಲ ಎದ್ದು ಬರ್ತಿದ್ರು, ಕೈ ಎಣ್ಣೆ ಕಾರ ಆಗಿದ್ರೆ ವಾಯ್ಸ್ ಮೆಸೇಜ್ ಬಿಡ್ತಿದ್ರು, ಆ ಮೆಸೇಜಿಗೆ ಆ ಕಡೆಯಿಂದ ಮತ್ತೊಂದು ಪ್ರಶ್ನೆ. ಒಂದು ಅರ್ಧ ಕಿಲೋ ಬಾಟಲಿ ಮಾರೋಕೆ ಇಪ್ಪತ್ತು ಮೂವತ್ತು ಮೆಸೇಜು. ಹಾಗಾಗಿ ನಮ್ಮ ಸೈಟಿಗೆ ಪೈಪೋಟಿ ಇದ್ದಿದ್ದು ದೊಡ್ಡ ಕಂಪನಿ ಆಪ್‌ಗಳ ಜೊತೆ ಅಲ್ಲವೇ ಅಲ್ಲ, "ಹಾಯ್ ಆಂಟಿ, ಮಿಡಿ ಇದ್ಯಾ" ಅನ್ನೋ ಒಂದು ಸಾಲಿನ ಜೊತೆ. ಅದಕ್ಕಿಂತ ಸುಲಭ ಆಗ್ಲಿಲ್ಲ ಅಂದ್ರೆ ಜನ ವಾಟ್ಸಾಪ್ ಬಿಟ್ಟು ಬರಲ್ಲ.

ಮೊದಲು ಹೋಗಿದ್ದು ಲಾಗಿನ್. ಮೊಬೈಲ್ ನಂಬರ್ ಹಾಕಿ ಓಟಿಪಿ ಬಂದ್ರೆ ಆಯ್ತಲ್ಲ ಅಂತ ಎಲ್ಲರೂ ಅಂದ್ಕೋತಾರೆ, ಆದ್ರೆ ನಮ್ಮ ದೇಶದಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸ್ಬೇಕು ಅಂದ್ರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ರೂಲ್ಸ್ ಪ್ರಕಾರ ಡಿಎಲ್‌ಟಿ ಅನ್ನೋ ವ್ಯವಸ್ಥೆಯಲ್ಲಿ ನಮ್ಮ ಹೆಸರು ರಿಜಿಸ್ಟರ್ ಆಗ್ಬೇಕು, ಕಳಿಸೋರ ಹೆಸರು ತೋರಿಸೋ ಹೆಡರ್ ಬೇರೆ, ಮೆಸೇಜಿನ ಒಂದೊಂದು ಟೆಂಪ್ಲೇಟ್ ಬೇರೆ, ಎಲ್ಲಕ್ಕೂ ಒಪ್ಪಿಗೆ ಸಿಗ್ಬೇಕು. ಉಪ್ಪಿನಕಾಯಿ ಮಾರೋಕೆ ಇದೆಲ್ಲ ಯಾಕೆ? ವರ್ಷಕ್ಕೆ ಎರಡು ಸಲ ತಗೊಳ್ಳೋರಿಗೆ ಪಾಸ್‌ವರ್ಡ್ ನೆನಪಿರಲ್ಲ, ನೆನಪಿಲ್ಲ ಅಂದಾಗ "ಪಾಸ್‌ವರ್ಡ್ ಮರೆತಿರಾ" ಅನ್ನೋ ಇನ್ನೊಂದು ಪೇಜ್ ಮಾಡ್ಬೇಕು. ಲಾಗಿನ್ ತೆಗೆದಿದ್ದಕ್ಕೆ ಬಂದ ನಷ್ಟ ಒಂದೇ, ಅದೇ ಜನ ಮತ್ತೆ ಬಂದ್ರೆ ಅಡ್ರೆಸ್ ಮತ್ತೆ ಟೈಪ್ ಮಾಡ್ಬೇಕು, ಅದನ್ನೂ ಬ್ರೌಸರೇ ನೆನಪಿಟ್ಕೊಂಡು ತುಂಬಿಸುತ್ತೆ, ಫಾರ್ಮಲ್ಲಿ ಹೆಸರು, ಪಿನ್‌ಕೋಡ್, ಫೋನ್ ಅಂತ ಯಾವ ಬಾಕ್ಸ್ ಯಾವುದು ಅನ್ನೋದನ್ನ ಸರಿಯಾಗಿ ಗುರುತು ಮಾಡಿದ್ರೆ ಸಾಕು. ಇದನ್ನ ಎಷ್ಟೋ ದೊಡ್ಡ ಸೈಟುಗಳೇ ಮಾಡಿರಲ್ಲ.

ಆಮೇಲೆ ಸರ್ಚ್. ಹನ್ನೆರಡು ಐಟಮ್ಮಿಗೆ ಸರ್ಚ್ ಬಾಕ್ಸ್ ಇಟ್ರೆ ಅದು ಅಲಂಕಾರ ಅಷ್ಟೇ, ಅದ್ರಲ್ಲೂ ನಮ್ಮವರು ಹಪ್ಪಳ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯೋವಾಗ ಒಂದು ಪಿ ಹಾಕ್ತಾರೋ ಎರಡೋ, ಕೊನೆಗೆ ಎಲ್ ಒಂದೋ ಎರಡೋ, ದೇವರಿಗೇ ಗೊತ್ತು. ಕೂಪನ್ ಬಾಕ್ಸ್ ಹೋಯ್ತು, ಯಾಕಂದ್ರೆ ಖಾಲಿ ಕೂಪನ್ ಬಾಕ್ಸ್ ನೋಡಿದ ತಕ್ಷಣ ಮನುಷ್ಯ ಪೇಮೆಂಟ್ ಬಿಟ್ಟು ಎಲ್ಲಾದ್ರೂ ಕೋಡ್ ಸಿಗುತ್ತಾ ಅಂತ ಹುಡುಕೋಕೆ ಹೋಗ್ತಾನೆ, ನಾನೇ ಹೋಗ್ತೀನಿ. ಕೊನೆಗೆ ಕಾರ್ಟೂ, ಅಂದ್ರೆ ಆರಿಸಿದ ಸಾಮಾನು ತುಂಬಿಡೋ ಬುಟ್ಟಿಯ ಪೇಜೂ ಹೋಯ್ತು. ಒಂದೇ ಪೇಜು, ಹನ್ನೆರಡು ಸಾಲು, ಪ್ರತಿ ಸಾಲಿನ ಪಕ್ಕ ಪ್ಲಸ್ ಮೈನಸ್, ಕೆಳಗೆ ಒಟ್ಟು ಮೊತ್ತ, ಅಲ್ಲೇ ಅಡ್ರೆಸ್ಸು. ಹಳೇ ಕಾಲದ ಅಂಗಡಿ ಚೀಟಿ ಇತ್ತಲ್ಲ, ತಿಂಗಳ ಸಾಮಾನು ಬರೆದು ಕೊಡ್ತಿದ್ದಿದ್ದು, ಅದೇ. ಕಡಿಮೆ ಕ್ಲಿಕ್ಕಿಗೆ ಎಷ್ಟು ಬೆಲೆ ಇದೆ ಅಂತ ಗೊತ್ತಾಗ್ಬೇಕು ಅಂದ್ರೆ ಅಮೆಜಾನ್ ಕಥೆ ನೋಡಿ, ಒಂದೇ ಕ್ಲಿಕ್ಕಲ್ಲಿ ಖರೀದಿ ಮಾಡೋ ವಿಧಾನಕ್ಕೆ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡು 2017ರವರೆಗೆ ಇಟ್ಕೊಂಡಿದ್ರು.

ಈಗ ಬೆಲೆ ವಿಷಯ, ಇಲ್ಲೇ ಜಾಸ್ತಿ ಜನ ಜಾರೋದು. ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಟಿಗೆ ಸಾಮಾನು ಹಾಕಿದವರಲ್ಲಿ ಸರಾಸರಿ ನೂರಕ್ಕೆ 70 ಜನ ತಗೊಳ್ಳದೆ ಹೋಗ್ತಾರೆ ಅಂತ ಬೇಮಾರ್ಡ್ ಅನ್ನೋ ಸಂಸ್ಥೆ ಎಷ್ಟೋ ವರ್ಷದಿಂದ ಲೆಕ್ಕ ಇಡ್ತಿದೆ, ಸುಮ್ನೆ ನೋಡೋಕೆ ಬಂದವರನ್ನ ಬಿಟ್ರೆ ಕಾರಣಗಳಲ್ಲಿ ಮೊದಲನೇದು ಕೊನೇಲಿ ಬಂದು ಸೇರ್ಕೊಳ್ಳೋ ಶಿಪ್ಪಿಂಗು, ಟ್ಯಾಕ್ಸು, ಇತರೆ ಚಾರ್ಜು. ಬೆಲೆಯನ್ನ ಹೀಗೆ ಹನಿಹನಿಯಾಗಿ ಕೊನೇಲಿ ತೋರಿಸೋದು, ಕೇಳದೇ ಇದ್ದಿದ್ದನ್ನ ಬುಟ್ಟಿಗೆ ತುರುಕೋದು, "ಇನ್ನು ಎರಡೇ ಉಳಿದಿದೆ" ಅಂತ ಸುಳ್ಳು ಅವಸರ ಮಾಡೋದು, ಇವೆಲ್ಲ 2023ರ ನವೆಂಬರಲ್ಲಿ ಕೇಂದ್ರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗಿರಾಕಿ ದಾರಿ ತಪ್ಪಿಸೋ ಡಿಸೈನ್) ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿರೋ 13 ತಪ್ಪುಗಳಲ್ಲಿ ಬರ್ತಾವೆ. ನಾವೇನು ಮೋಸ ಮಾಡೋರಲ್ಲ, ಆದ್ರೂ ಶಿಪ್ಪಿಂಗನ್ನ ಮೊದಲ ಪೇಜಲ್ಲೇ ತೋರಿಸ್ಬೇಕು ಅಂತ ಹೊರಟಾಗ ಗೊತ್ತಾಯ್ತು ಅದು ಎಷ್ಟು ಕಷ್ಟ ಅಂತ, ದೊಡ್ಡವರು ಕೊನೇ ಪೇಜಿಗೆ ಯಾಕೆ ತಳ್ತಾರೆ ಅನ್ನೋದೂ ಅರ್ಥ ಆಯ್ತು.

ಹಪ್ಪಳವನ್ನೇ ತಗೊಳ್ಳಿ. ಒಂದು ಕಿಲೋ ಹಲಸಿನ ಹಪ್ಪಳ, ಒಡೀಬಾರ್ದು ಅಂತ ಸ್ವಲ್ಪ ದೊಡ್ಡ ಡಬ್ಬಿಗೆ ಹಾಕಿ ಸುತ್ತ ಪೇಪರ್ ತುರುಕಿದ್ವಿ, ಡಬ್ಬಿ 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರ. ಕೊರಿಯರ್‌ನವರು ತೂಕ ಎರಡು ತರ ನೋಡ್ತಾರೆ, ತಕ್ಕಡಿ ತೂಕ ಒಂದು, ಜಾಗದ ತೂಕ ಇನ್ನೊಂದು, ಅಂದ್ರೆ ಉದ್ದ ಅಗಲ ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸೋದು, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಡಬ್ಬಿಗೆ ಮಾಡಿ ನೋಡಿ, 18000ನ 5000ದಿಂದ ಭಾಗಿಸಿದ್ರೆ 3.6 ಕಿಲೋ. ಒಂದು ಕಿಲೋ ಹಪ್ಪಳಕ್ಕೆ 3.6 ಕಿಲೋದ ಬಿಲ್ಲು! ಅತ್ತಿಗೆಗೆ ಇದನ್ನ ಹೇಳಿದ್ರೆ ಅವರು ನಂಬ್ಲೇ ಇಲ್ಲ, "ಗಾಳಿಗೂ ದುಡ್ಡು ತಗೊಳ್ತಾರನ" ಅಂದ್ರು. ಆಮೇಲೆ ಅವರೇ ದಾರಿ ಹುಡುಕಿದ್ರು, ಹಪ್ಪಳದ ಅಳತೆಯನ್ನೇ ಒಂದು ಸುತ್ತು ಚಿಕ್ಕದು ಮಾಡಿ, ಕಟ್ಟು ಒತ್ತಾಗಿ ಕಟ್ಟಿ, 20 ಉದ್ದ 20 ಅಗಲ 15 ಎತ್ತರದ ಡಬ್ಬಿಗೆ ಕೂರಿಸಿದ್ರು, ಈಗ ಅದು 1.2 ಕಿಲೋ. ನಾನು ಎಷ್ಟು ಕೋಡ್ ಬರೆದಿದ್ರೂ ಆ ಉಳಿತಾಯ ಆಗ್ತಿರ್ಲಿಲ್ಲ.

ಉಪ್ಪಿನಕಾಯಿದು ಉಲ್ಟಾ, ಡಬ್ಬಿ ಚಿಕ್ಕದು ತೂಕ ಜಾಸ್ತಿ, ಅದೂ ಗಾಜಿನ ಬಾಟಲಿ ಆದ್ರೆ ಅರ್ಧ ಕಿಲೋ ಮಾಲಿಗೆ ಬಾಟಲಿದೇ ಒಂದಿಷ್ಟು ತೂಕ. ಮತ್ತೆ ಎಣ್ಣೆ ಸೋರೋದು. ಗಾಜು ಬಿಟ್ಟು ಬಾಯಿಗೆ ಸೀಲ್ ಹಾಕೋ ಪ್ಲಾಸ್ಟಿಕ್ ಜಾರಿಗೆ ಬಂದ್ವಿ, ಮೇಲೆ ಎರಡು ಕವರು. ಜೋನಿ ಬೆಲ್ಲ ಮಾತ್ರ ಏನು ಮಾಡಿದ್ರೂ ಸೋರುತ್ತೆ, ಮೊದಲ ತಿಂಗಳು ಅದನ್ನ ಪಟ್ಟಿಯಿಂದಲೇ ತೆಗೆದಿಟ್ವಿ.

ಕೊನೆಗೆ ಶಿಪ್ಪಿಂಗ್ ಪಟ್ಟಿ ಹೀಗೆ ಇಳೀತು: ಇಡೀ ಕರ್ನಾಟಕಕ್ಕೆ ಒಂದೇ ರೇಟು, ತೂಕಕ್ಕೆ ಮೂರು ಸ್ಲ್ಯಾಬು. ಕೆಲವು ಪಾರ್ಸೆಲ್ಲಲ್ಲಿ ನಮಗೆ ಐದು ಹತ್ತು ರೂಪಾಯಿ ಕೈಯಿಂದ ಹೋಗುತ್ತೆ, ಕೆಲವುದರಲ್ಲಿ ಉಳಿಯುತ್ತೆ. ಈ ಪಟ್ಟಿ ಮಾಡಿ ಮುಗಿಸೋ ಹೊತ್ತಿಗೆ ಅಂಚೆ ಇಲಾಖೆ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ರೇಟ್ ಬದಲಾಯಿಸಿತು, ಕೂತು ಮತ್ತೆ ಬರೆದೆ. ರೇಟನ್ನ ಕೋಡ್ ಒಳಗೆ ಹೂತಿಡದೆ ಒಂದು ಶೀಟಲ್ಲಿ ಇಟ್ಟಿದ್ದಕ್ಕೆ ಬಚಾವ್, ಈಗ ಅತ್ತಿಗೆ ಮಗಳೇ ತಿದ್ತಾಳೆ.

ಕರ್ನಾಟಕಕ್ಕೆ ಮಾತ್ರ ಯಾಕೆ ಅಂತ ಪುಣೆಯಲ್ಲಿರೋ ನಮ್ಮ ಚಿಕ್ಕಮ್ಮ ಇನ್ನೂ ಬೈತಾ ಇದಾರೆ. ಕಾರಣ ಜಿಎಸ್‌ಟಿ. ಸಾಮಾನು ಮಾರೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ರಿಜಿಸ್ಟ್ರೇಶನ್ ಬೇಡ ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ತೆರಿಗೆ ಇರೋ ಸಾಮಾನನ್ನ ಬೇರೆ ರಾಜ್ಯಕ್ಕೆ ಮಾರಿದ್ರೆ ಆ 40 ಲಕ್ಷದ ರಿಯಾಯಿತಿ ಸಿಗಲ್ಲ, ಮೊದಲ ಬಾಟಲಿಗೇ ರಿಜಿಸ್ಟ್ರೇಶನ್ ಬೇಕು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ವಾಟ್ಸಾಪಲ್ಲಿ ಗೊತ್ತಿಲ್ಲದೇ ಕಳಿಸ್ತಿದ್ರು, ವೆಬ್‌ಸೈಟ್ ಅಂದ್ರೆ ಬೋರ್ಡ್ ಹಾಕ್ಕೊಂಡಂಗೆ, ಗೊತ್ತಿಲ್ಲ ಅಂತ ಹೇಳೋಕಾಗಲ್ಲ. ಉಪ್ಪಿನಕಾಯಿ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಹಪ್ಪಳಕ್ಕೆ ಮೊದಲಿಂದಲೂ ಇಲ್ಲ, ಆ ಲೆಕ್ಕದಲ್ಲಿ ಹಪ್ಪಳ ಮಾತ್ರ ಹೊರರಾಜ್ಯಕ್ಕೆ ಬಿಡ್ಬಹುದಿತ್ತೇನೋ, ಆದ್ರೆ ಒಂದು ಐಟಂ ಹೋಗುತ್ತೆ ಒಂದು ಹೋಗಲ್ಲ ಅಂತ ಸೈಟಲ್ಲಿ ಬರೆದ್ರೆ ಮತ್ತೆ ಅದೇ ಇಪ್ಪತ್ತು ಮೆಸೇಜು. ಹಾಗಾಗಿ ಇಡೀ ಕಾನೂನನ್ನ ಒಂದು ಸಾಲಿನ ಕೋಡಿಗೆ ಇಳಿಸಿದೆ: ಪಿನ್‌ಕೋಡಿನ ಮೊದಲ ಎರಡು ಅಂಕಿ 56, 57, 58 ಅಥವಾ 59 ಆಗಿದ್ರೆ ಮುಂದೆ ಹೋಗು, ಇಲ್ಲಾಂದ್ರೆ ಕ್ಷಮಿಸಿ ಅನ್ನು. ಕರ್ನಾಟಕದ ಪಿನ್‌ಕೋಡ್ ಎಲ್ಲ ಈ ನಾಲ್ಕರಲ್ಲೇ ಶುರುವಾಗೋದು. ಮೂರನೇ ಪ್ರಶ್ನೆ ಇತ್ತಲ್ಲ, ನಮ್ಮ ಏರಿಯಾಗೆ ಬರುತ್ತಾ ಅಂತ, ಅದಕ್ಕೂ ಇದೇ ಉತ್ತರ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತಿಟ್ಟು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದು ನೆನಪಿರ್ಬೇಕು. ಆ ಹೆದರಿಕೆ ಹಳ್ಳಿವರೆಗೂ ಬಂದಿದೆ, ನಮ್ಮ ಗುಂಪಿನ ಒಂದು ಮನೆಯವರು ಸೈಟೇ ಬೇಡ ಅಂದ್ರು. ನನ್ನ ಪ್ರಕಾರ ಅದಕ್ಕೆ ಮದ್ದು ಕ್ಯಾಶಿಗೆ ಓಡಿ ಹೋಗೋದಲ್ಲ, ಮನೆ ಖರ್ಚಿನ ಅಕೌಂಟಿಗೂ ವ್ಯಾಪಾರದ ಅಕೌಂಟಿಗೂ ಮೊದಲ ದಿನವೇ ಗೋಡೆ ಕಟ್ಟೋದು. ಅಡಿಕೆ ದುಡ್ಡು, ಸಾಲ ವಾಪಸ್ ಬಂದಿದ್ದು, ಮಗ ಕಳಿಸಿದ್ದು, ಉಪ್ಪಿನಕಾಯಿದು ಎಲ್ಲ ಒಂದೇ ಅಕೌಂಟಿಗೆ ಬಿದ್ರೆ ಹೊರಗಿಂದ ನೋಡೋರಿಗೆ ಅಷ್ಟೂ ವ್ಯಾಪಾರದ ತರವೇ ಕಾಣುತ್ತೆ. ಸೊಸೈಟಿಗೆ ಅಡಿಕೆ ಹಾಕೋ ಮನೆಗಳಲ್ಲಿ ಈ ಕಲಸುಮೇಲೋಗರ ಮಾಮೂಲು.

ಉಳಿದ ಕಾಗದ ಪತ್ರ ಅಷ್ಟೇನೂ ಭಯಂಕರ ಇಲ್ಲ. ಫುಡ್ ಸೇಫ್ಟಿಯವರ ರಿಜಿಸ್ಟ್ರೇಶನ್ ಸಣ್ಣ ಮನೆ ಉದ್ಯಮಕ್ಕೆ ವರ್ಷಕ್ಕೆ 100 ರೂಪಾಯಿ ಫೀಸು, 14 ಅಂಕಿಯ ನಂಬರ್ ಕೊಡ್ತಾರೆ, ಅದು ಲೇಬಲ್ ಮೇಲೂ ಸೈಟಲ್ಲೂ ಇರ್ಬೇಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣೆ ನಿಯಮದ ಪ್ರಕಾರ ಮಾರೋರ ಹೆಸರು ವಿಳಾಸ ಕಾಣ್ಬೇಕು, ದೂರು ಕೇಳೋ ಅಧಿಕಾರಿ ಅಂತ ಒಬ್ರು ಇರ್ಬೇಕು, ದೂರು ಬಂದ 48 ಗಂಟೆ ಒಳಗೆ ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ನಮ್ಮ ಅಣ್ಣ ಈಗ ದೂರು ಅಧಿಕಾರಿ. ಕೊಟ್ಟಿಗೆ ಕೆಲಸ ಮುಗಿಸಿ ಸಂಜೆ ಏಳಕ್ಕೆ ಡ್ಯೂಟಿಗೆ ಬರ್ತಾರೆ.

ಯಾವ ಪ್ಲಾಟ್‌ಫಾರ್ಮ್ ಅನ್ನೋ ಚರ್ಚೆಗೆ ನಾನು ಹೆಚ್ಚು ಟೈಮ್ ಕೊಡಲ್ಲ. ದೊಡ್ಡ ಮಾರ್ಕೆಟ್‌ಪ್ಲೇಸ್ ಸೇರಿದ್ರೆ ಜನ ಅಲ್ಲೇ ಇರ್ತಾರೆ, ಆದ್ರೆ ಕಮಿಷನ್ ಇದೆ, ನಮ್ಮ ಗಿರಾಕಿ ನಂಬರ್ ನಮಗೆ ಸಿಗಲ್ಲ, ಮಿಡಿ ಪಕ್ಕದಲ್ಲೇ ಫ್ಯಾಕ್ಟರಿ ಉಪ್ಪಿನಕಾಯಿ ಅರ್ಧ ರೇಟಿಗೆ ಕೂತಿರುತ್ತೆ. ಶಾಪಿಫೈ ತರದ ರೆಡಿಮೇಡ್ ಆನ್‌ಲೈನ್ ಅಂಗಡಿಗೆ ತಿಂಗಳ ಬಾಡಿಗೆ, ಮಾರಾಟ ಇದ್ರೂ ಇಲ್ದಿದ್ರೂ ಕಟ್ಬೇಕು, ನಮ್ಮದು ವರ್ಷದಲ್ಲಿ ಆರು ತಿಂಗಳು ಸ್ಟಾಕೇ ಇಲ್ಲದ ವ್ಯಾಪಾರ. ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ಸಾಫ್ಟ್‌ವೇರ್ ಮೇಲೆ ವೂಕಾಮರ್ಸ್ ಅನ್ನೋ ಅಂಗಡಿ ಪ್ಲಗಿನ್ ಫ್ರೀ, ಆದ್ರೆ ಪ್ಲಗಿನ್ ಅಪ್‌ಡೇಟ್ ಮಾಡೋರು ಯಾರು, ನಾನು ಊರಲ್ಲಿಲ್ಲದಾಗ ಸೈಟ್ ಬಿದ್ರೆ ಎಬ್ಬಿಸೋರು ಯಾರು? ಐವತ್ತು ಐಟಂ ದಾಟಿದವರಿಗೆ ನಾನೇ ಅದನ್ನ ಹಾಕ್ಕೊಡ್ತೀನಿ. ಅತ್ತಿಗೆಗೆ ಮಾಡಿದ್ದು ಬರೀ ಒಂದು ಸ್ಟ್ಯಾಟಿಕ್ ಪೇಜು (ಬರೆದಿಟ್ಟಿದ್ದನ್ನ ಹಂಗೇ ತೋರಿಸೋದು), ಹಿಂದೆ ಒಂದು ಗೂಗಲ್ ಶೀಟು, ಮಧ್ಯ ಗಿರಾಕಿ ದುಡ್ಡನ್ನ ನಮ್ಮ ಅಕೌಂಟಿಗೆ ತಲುಪಿಸೋ ಪೇಮೆಂಟ್ ಗೇಟ್‌ವೇಗೆ ಮಾತಾಡೋ ಪುಟ್ಟ ಪ್ರೋಗ್ರಾಂ. ಬೀಗದ ಗುರುತಿನ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟಿಂದ ಪುಕ್ಕಟೆ, ಡೊಮೈನಿಗೆ ಮಾತ್ರ ವರ್ಷಕ್ಕೆ ಒಂದಿಷ್ಟು ದುಡ್ಡು.

ಫೋಟೋ ಬಗ್ಗೆ ಒಂದು ಮಾತು. ಅತ್ತಿಗೆ ಮಗಳು ಫೋನಲ್ಲಿ ತೆಗೆದ ಫೋಟೋ ಚೆನ್ನಾಗೇ ಬಂದಿದ್ವು, ಆದ್ರೆ ಒಂದೊಂದೂ 4 ಎಂಬಿ, ಹನ್ನೆರಡಕ್ಕೆ 48 ಎಂಬಿ. ಶಿವಮೊಗ್ಗದಲ್ಲಿ ಕೂತು ನೋಡಿದ್ರೆ ಸರಕ್ ಅಂತ ಬರುತ್ತೆ, ಅದೇ ಹಳ್ಳಿಯಲ್ಲಿ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್, ಅಂದ್ರೆ ಒಂದು ಎಂಬಿಯ ಎಂಟನೇ ಒಂದು ಭಾಗ) ಸಿಕ್ರೆ ಪುಣ್ಯ, ಆ ಸ್ಪೀಡಲ್ಲಿ ಪೂರ್ತಿ ಪೇಜ್ ಇಳಿಯೋಕೆ ಆರು ನಿಮಿಷದ ಮೇಲಾಗುತ್ತೆ. ಕೊರೋನಾ ಟೈಮಲ್ಲಿ ಮಕ್ಕಳು ಕ್ಲಾಸ್ ಕೇಳೋಕೆ ಗುಡ್ಡ ಹತ್ತಿ ಕೂರ್ತಿದ್ದ ಊರುಗಳು ಇವು, "ನೆಟ್‌ವರ್ಕ್ ಇಲ್ಲ ಅಂದ್ರೆ ಓಟಿಲ್ಲ" ಅಂತ ಬೋರ್ಡ್ ಹಾಕಿದ್ದೂ ಇಲ್ಲೇ. ಅದೇ ಫೋಟೋಗಳನ್ನ ಅಗಲ ಕಡಿಮೆ ಮಾಡಿ ವೆಬ್‌ಪಿ ಫಾರ್ಮ್ಯಾಟಿಗೆ ತಂದಾಗ ಒಂದೊಂದು 60 ಕೆಬಿಗೆ ಇಳೀತು, ಈಗ ಆರು ಸೆಕೆಂಡಲ್ಲಿ ಬರುತ್ತೆ. ಗಿರಾಕಿಗಳು ಬೆಂಗಳೂರಲ್ಲಿದಾರಲ್ಲ ಇಷ್ಟೆಲ್ಲ ಯಾಕೆ ಅಂತ ಕೇಳ್ಬಹುದು. ಆರ್ಡರ್ ನೋಡ್ಬೇಕಾಗಿರೋದು ಅತ್ತಿಗೆ, ಅವರ ಮನೆಯಲ್ಲಿ ಸಿಗ್ನಲ್ ಬರೋದು ಬಾವಿಕಟ್ಟೆ ಹತ್ರ ಮಾತ್ರ.

ದುಡ್ಡು ತಗೊಳ್ಳೋ ಭಾಗಕ್ಕೆ ಬರೋಣ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿ ಕೊಡೋ ಎಂಡಿಆರ್ ಅನ್ನೋ ಶುಲ್ಕ ಇಲ್ಲ, ಹಾಗಾಗಿ ಮೊದಲು ಪೇಜಲ್ಲೇ ಕ್ಯೂಆರ್ ಹಾಕಿ, ಕಟ್ಟಿದ್ಮೇಲೆ ಸ್ಕ್ರೀನ್‌ಶಾಟ್ ಕಳಿಸಿ ಅಂತ ಟ್ರಯಲ್ ಮಾಡಿದ್ವಿ. ಪುಕ್ಕಟೆ ಹೌದು, ಆದ್ರೆ ಯಾವ ಸ್ಕ್ರೀನ್‌ಶಾಟ್ ಯಾರ ಆರ್ಡರಿಂದು, ಅದು ನಿಜವೋ ಎಡಿಟ್ ಮಾಡಿದ್ದೋ, ಅಂತ ಪ್ರತಿ ಸಲ ಬ್ಯಾಂಕ್ ಆಪ್ ತೆಗೆದು ನೋಡೋ ಕೆಲಸ ಅತ್ತಿಗೆ ಮೇಲೆ ಬಿತ್ತು. ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸು ತಗೋತಾರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ 500 ರೂಪಾಯಿ ಆರ್ಡರಿಗೆ 11 ರೂಪಾಯಿ 80 ಪೈಸೆ. ಅಷ್ಟು ಕೊಟ್ಟು ಒಂದು ತಲೆನೋವು ಕಳ್ಕೊಂಡ್ವಿ. ಅವರು ಕೆವೈಸಿ ಜೊತೆ ರೀಫಂಡ್, ಶಿಪ್ಪಿಂಗ್, ಪ್ರೈವಸಿ ಅಂತ ಪಾಲಿಸಿ ಪೇಜ್ ಕೇಳ್ತಾರೆ, ಅದನ್ನ ಎಲ್ಲಿಂದಲೋ ಕಾಪಿ ಹೊಡೆದು ಹಾಕ್ಬೇಡಿ, ಒಬ್ರು ನನ್ನ ಹತ್ರ ತಂದಿದ್ದ ಸೈಟಲ್ಲಿ ಚಕ್ಲಿ ಮಾರೋರ ರೀಫಂಡ್ ಪಾಲಿಸಿ "ಬಟ್ಟೆಯ ಟ್ಯಾಗ್ ಕಿತ್ತಿರಬಾರದು" ಅಂತ ಹೇಳ್ತಿತ್ತು.

ಕ್ಯಾಶ್ ಆನ್ ಡೆಲಿವರಿ ಇಡ್ಲಿಲ್ಲ. ಬಾಗಿಲಿಗೆ ಹೋದಾಗ ಬೇಡ ಅಂದ್ರೆ ಹೋಗಿದ್ದೂ ಬಂದಿದ್ದೂ ಎರಡೂ ಖರ್ಚು ಮಾರಿದವರದ್ದು, ವಾಪಸ್ ಬಂದ ಉಪ್ಪಿನಕಾಯಿಯನ್ನ ಇನ್ನೊಬ್ರಿಗೆ ಕಳಿಸೋಕೆ ಮನಸ್ಸೂ ಬರಲ್ಲ.

ಭಾನುವಾರ ಸಂಜೆ ಆರಕ್ಕೆ ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪುಗಳಿಗೆ ಲಿಂಕ್ ಹೋಯ್ತು. ಏಳಕ್ಕೆ ಗುಡುಗು ಶುರುವಾಗಿ ಅತ್ತಿಗೆ ಊರಲ್ಲಿ ಕರೆಂಟ್ ಹೋಯ್ತು, ಕರೆಂಟ್ ಜೊತೆ ಟವರೂ ಹೋಯ್ತು. ಅದು ನನಗೆ ಗೊತ್ತೇ ಇಲ್ಲ, ನಾನು ಆಫೀಸಲ್ಲಿ ಕೂತು ಶೀಟಲ್ಲಿ ಸಾಲು ಒಂದೊಂದೇ ಸೇರೋದನ್ನ ನೋಡ್ತಾ ಖುಷಿಯಲ್ಲಿದ್ದೆ. ಎಂಟೂವರೆಗೆ ಮೈಸೂರಿಂದ ಒಬ್ರು ಫೋನ್, ದುಡ್ಡು ಕಟ್ ಆಗಿದೆ ಆರ್ಡರ್ ಬಂದಿಲ್ಲ ಅಂತ ಜೋರು. ನೋಡಿದ್ರೆ ತಪ್ಪು ಪೂರ್ತಿ ನನ್ನದು. ಗಿರಾಕಿ ನಮ್ಮ ಪೇಜಿಂದ ಯುಪಿಐ ಆಪಿಗೆ ಹೋಗಿ ಪಿನ್ ಹೊಡೆದು ಮತ್ತೆ ನಮ್ಮ ಪೇಜಿಗೆ ವಾಪಸ್ ಬಂದಾಗ ಆರ್ಡರ್ ಬರ್ಕೊಳ್ಳೋ ಹಾಗೆ ಮಾಡಿದ್ದೆ. ಇವರು ದುಡ್ಡು ಹೋಯ್ತು ಅನ್ನೋ ಸೌಂಡ್ ಕೇಳಿದ ತಕ್ಷಣ ಫೋನ್ ಜೇಬಿಗೆ ಹಾಕಿದಾರೆ, ವಾಪಸ್ ಬಂದೇ ಇಲ್ಲ. ಹಂಗೆ ಮಾಡೋದೇ ಸಹಜ ಅಲ್ವಾ, ಅಂಗಡಿಯಲ್ಲಿ ದುಡ್ಡು ಕೊಟ್ಟ ಮೇಲೆ ಯಾರಾದ್ರೂ ಮತ್ತೆ ಗಲ್ಲಾಪೆಟ್ಟಿಗೆ ಹತ್ರ ಹೋಗಿ ಕೊಟ್ಟೆ ಅಂತ ಹೇಳ್ತಾರಾ? ಇದಕ್ಕೆ ಸರಿಯಾದ ದಾರಿ ವೆಬ್‌ಹುಕ್, ಅಂದ್ರೆ ಗಿರಾಕಿ ವಾಪಸ್ ಬರ್ಲಿ ಬಿಡ್ಲಿ ಗೇಟ್‌ವೇ ಸರ್ವರೇ ನಮ್ಮ ಸರ್ವರಿಗೆ ನೇರವಾಗಿ ಈ ಆರ್ಡರಿನ ದುಡ್ಡು ಬಂತು ಅಂತ ಹೇಳೋದು. ಅದನ್ನ ಆಮೇಲೆ ಮಾಡೋಣ ಅಂತ ಮುಂದಕ್ಕೆ ಹಾಕಿದ್ದೆ, ಸಿಂಪಲ್ ಸೈಟ್ ತಾನೇ ಅಂತ. ರಾತ್ರಿ ಹನ್ನೊಂದರವರೆಗೆ ಕೂತು ಹಾಕಿದೆ. ಹಾಕಿದ ಮೇಲೆ ಇನ್ನೊಂದು ಮಜಾ, ನಮ್ಮ ಕಡೆಯಿಂದ ಸರಿ ಅಂತ ಉತ್ತರ ಹೋಗೋದು ತಡ ಆದ್ರೆ ಗೇಟ್‌ವೇ ಅದೇ ಸಂದೇಶವನ್ನ ಮತ್ತೆ ಕಳಿಸುತ್ತೆ, ಹಂಗಾಗಿ ಒಂದು ಆರ್ಡರ್ ಎರಡು ಸಾಲಾಗಿ ಬಿದ್ದು ಹುಬ್ಬಳ್ಳಿಯವರಿಗೆ ಎರಡು ಜಾರ್ ಹೋಗೋದ್ರಲ್ಲಿತ್ತು. ಪೇಮೆಂಟ್ ನಂಬರ್ ಈಗಾಗ್ಲೇ ಶೀಟಲ್ಲಿದ್ರೆ ಸುಮ್ನಿರು ಅಂತ ಒಂದು ಸಾಲು ಸೇರಿಸಿದ್ಮೇಲೆ ಸರಿ ಹೋಯ್ತು.

ಬೆಳಿಗ್ಗೆ ಕರೆಂಟ್ ಬಂದು ಅತ್ತಿಗೆ ಶೀಟ್ ನೋಡಿದ್ರು, ಫೋನ್ ಮಾಡಿದ್ರು. "ಮಿಡಿ ಹದಿನೆಂಟು ಜಾರ್ ಬರೆದಿದ್ಯಲ, ಇರೋದು ಹನ್ನೆರಡೇ. ನಿನ್ನೆ ಮಧ್ಯಾಹ್ನ ಮೇಲಿನ ಮನೆಯವರು ಆರು ತಗೊಂಡು ಹೋದ್ರು, ಗೃಹಪ್ರವೇಶ ಅಂತೆ." ಸೈಟಲ್ಲಿ ಸ್ಟಾಕ್ ಇದೆ, ಅಟ್ಟದ ಮೇಲೆ ಇಲ್ಲ. ಮಿಡಿ ವರ್ಷಕ್ಕೊಂದೇ ಸಲ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಯ್ದು ಉಪ್ಪಲ್ಲಿ ಹಾಕಿದ್ದು, ಮುಗೀತು ಅಂದ್ರೆ ಮುಂದಿನ ವರ್ಷವೇ, ಫ್ಯಾಕ್ಟರಿಗೆ ಫೋನ್ ಮಾಡಿ ತರಿಸೋ ಹಾಗಿಲ್ಲ. ಆರು ಜನಕ್ಕೆ ಅತ್ತಿಗೆ ತಾವೇ ಫೋನ್ ಮಾಡಿ ದುಡ್ಡು ವಾಪಸ್ ಹಾಕ್ತೀವಿ ಅಂತ ಹೇಳಿದ್ರು, ಅದರಲ್ಲಿ ಇಬ್ರು ವಾಪಸ್ ಬೇಡ ಹಪ್ಪಳ ಕಳಿಸಿ ಅಂದ್ರು. ಅವತ್ತಿಂದ ಮನೆಯಲ್ಲಿ ಒಂದು ನಿಯಮ, ಸೈಟಿಗೆ ಅಂತ ಎಣಿಸಿದ ಜಾರುಗಳು ಬೇರೆ ಕಪಾಟಲ್ಲಿ, ಅದಕ್ಕೆ ಬೀಗ, ಅಕ್ಕಪಕ್ಕದವರಿಗೆ ಕೊಡೋದು ಅಟ್ಟದ್ದರಿಂದ. ಇನ್ವೆಂಟರಿ ಸಾಫ್ಟ್‌ವೇರ್ ಮಾರೋರು ಇದನ್ನೇ ದೊಡ್ಡ ಹೆಸರಿಟ್ಟು ಮಾರ್ತಾರೆ. ನನ್ನ ಕೋಡಲ್ಲಿ ಬದಲಾಗಿದ್ದು ಏನೂ ಇಲ್ಲ.

ಪಾರ್ಸೆಲ್ ಅಣ್ಣನೇ ವಾರಕ್ಕೆ ಎರಡು ದಿನ ರಿಪ್ಪನ್‌ಪೇಟೆಗೆ ತಗೊಂಡು ಹೋಗಿ ಅಂಚೆಗೆ ಕೊಡ್ತಾರೆ, ಮನೆ ಬಾಗಿಲಿಗೆ ಪಿಕಪ್ ಬರೋ ಊರಲ್ಲ ಅದು. ಹಾಗಾಗಿ ಸೈಟಲ್ಲಿ "ಎರಡು ದಿನದಲ್ಲಿ ಡೆಲಿವರಿ" ಅಂತ ಹಾಕ್ಲಿಲ್ಲ, "ಮಂಗಳವಾರ ಮತ್ತೆ ಶುಕ್ರವಾರ ಕಳಿಸ್ತೀವಿ, ಅಲ್ಲಿಂದ ಮೂರರಿಂದ ಐದು ದಿನ" ಅಂತ ಬರೆದ್ವಿ. ಯಾವತ್ತು ಸಿಗುತ್ತೆ ಅನ್ನೋ ನಾಲ್ಕನೇ ಪ್ರಶ್ನೆ ಅಲ್ಲಿಗೆ ನಿಂತಿತು, ತಡ ಆಯ್ತು ಅಂತ ಇದುವರೆಗೆ ದೂರು ಅಧಿಕಾರಿ ಹತ್ರ ಯಾರೂ ಬಂದಿಲ್ಲ. ವಾಟ್ಸಾಪ್ ಮಾತ್ರ ನಿಂತಿಲ್ಲ, ಈಗ ಬರೋ ಮೆಸೇಜ್ ಬೇರೆ ತರ, ಖಾರ ಜಾಸ್ತಿ ಇದ್ಯಾ, ಜೀರಿಗೆ ಮಿಡಿನಾ ಅಥವಾ ಅನಂತಭಟ್ಟನ ಅಪ್ಪೆನಾ ಅಂತ. ಇಂಥದ್ದಕ್ಕೆ ಅತ್ತಿಗೆ ಎಷ್ಟು ಉದ್ದ ಬೇಕಾದ್ರೂ ವಾಯ್ಸ್ ಮೆಸೇಜ್ ಬಿಡ್ತಾರೆ.

ಸ್ಟಾಕ್ ದೀಪಾವಳಿಗೆ ಮುಂಚೆನೇ ಖಾಲಿ. ನನಗೆ ಒಂದು ಐಡಿಯಾ ಬಂತು, ಮುಂದಿನ ಸೀಸನ್ನಿಗೆ ಈಗ್ಲೇ ಬುಕಿಂಗ್ ತಗೊಂಡ್ರೆ ಮಿಡಿ ಖರೀದಿಗೆ ಕೈಯಲ್ಲಿ ದುಡ್ಡಿರುತ್ತೆ, ಬಟನ್ ಕೂಡ ರೆಡಿ ಮಾಡಿ ತೋರಿಸಿದೆ, ಅರ್ಧ ಅಡ್ವಾನ್ಸು. ಅತ್ತಿಗೆ ಕನ್ನಡಕ ಏರಿಸ್ಕೊಂಡು ಫೋನ್ ನೋಡಿದ್ರು. "ಮರದಲ್ಲಿ ಹೂವೇ ಬಂದಿಲ್ಲ ಮಾರಾಯ, ದುಡ್ಡು ಹೆಂಗೆ ತಗೊಳ್ಳೋದು? ಮಂಜು ಜಾಸ್ತಿ ಬಿದ್ದು ಹೂವು ಉದುರಿದ್ರೆ?" ಅಂದ್ರು. ಆ ಬಟನ್ ತೆಗೆದೆ. ಈಗ ಅಲ್ಲಿ "ಬಂದಾಗ ತಿಳಿಸಿ" ಅಂತ ಇದೆ, ಒತ್ತಿದ್ರೆ ಫೋನ್ ನಂಬರ್ ಕೇಳುತ್ತೆ ಅಷ್ಟೇ.